ಮೊದಲು ಏನು ಕೆಲಸ ಮಾಡ್ತಿದ್ರಿ?

(ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಪೆಥಾಲಜಿ ಡಾಕ್ಟರ್. ರೋಗಿಯ ಮುಖಕ್ಕಿಂತ ಅವರ ಮೈಯಿಂದ ತೆಗೆದ ಚೂರನ್ನು ಜಾಸ್ತಿ ನೋಡುವವಳು. ವಾರ್ಡಿನಿಂದ ಒಂದು ಡಬ್ಬಿ ಬರುತ್ತದೆ. ಡಬ್ಬಿ ಜೊತೆ ಒಂದು ಫಾರಂ ಬರುತ್ತದೆ. ಹೆಸರು, ವಯಸ್ಸು, ವಾರ್ಡು, ಉದ್ಯೋಗ, ಏನು ತೊಂದರೆ ಅಂತ ಅದರಲ್ಲಿ ಕಾಲಂ ಇರುತ್ತವೆ. ಇವತ್ತು ಹೃದಯದ ಚೀಲಕ್ಕೆ ಬರುವ ಒಂದು ಅಪರೂಪದ ಕ್ಯಾನ್ಸರ್ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಮಾತಾಡುತ್ತೇನೆ. ಆದರೆ ನನ್ನ ತಲೆಯಲ್ಲಿ ಕೂತಿರುವುದು ಆ ಫಾರಂನ ಒಂದೇ ಒಂದು ಕಾಲಂ. ಉದ್ಯೋಗದ ಕಾಲಂ.

ಕೆಲವು ವರ್ಷದ ಹಿಂದೆ ಹೀಗೊಂದು ಡಬ್ಬಿ ಬಂತು. ಒಳಗೆ ಕೆಂಪು ನೀರು. ಹೃದಯದ ಸುತ್ತ ಕಟ್ಟಿಕೊಂಡಿದ್ದ ನೀರನ್ನು ಸೂಜಿ ಹಾಕಿ ತೆಗೆದಿದ್ದರು. ಗಂಡಸು, 58 ವರ್ಷ. ಉದ್ಯೋಗದ ಮುಂದೆ ಬರೆದಿದ್ದದ್ದು ಎರಡೇ ಅಕ್ಷರ: ಕೂಲಿ.

ನಾನು ಆ ನೀರನ್ನು ನೋಡಿದೆ. ರಕ್ತದ ಕಣ ಇದ್ದವು, ಉರಿಯೂತದ ಕಣ ಇದ್ದವು. ಕ್ಯಾನ್ಸರ್ ಅನ್ನುವಂಥದ್ದು ಕಾಣಲಿಲ್ಲ. ಹಾಗೆಂದೇ ರಿಪೋರ್ಟ್ ಬರೆದೆ. ವಾರ್ಡಿನವರು ಟಿ.ಬಿ. ಇರಬಹುದು ಅಂದರು, ಮಾತ್ರೆ ಶುರು ಮಾಡಿದರು. ಅದು ದಡ್ಡತನ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನಮ್ಮ ದೇಶದಲ್ಲಿ ಹೃದಯದ ಚೀಲದಲ್ಲಿ ನೀರು ತುಂಬಿ, ಜ್ವರ, ಸುಸ್ತು, ತೂಕ ಇಳಿಯುವುದು ಎಲ್ಲ ಒಟ್ಟಿಗೆ ಬಂದರೆ, ಮೊದಲು ನೆನಪಾಗಬೇಕಾದ್ದೇ ಟಿ.ಬಿ. ಹತ್ತು ಸಲದಲ್ಲಿ ಹೆಚ್ಚು ಸಲ ಆ ಊಹೆ ಸರಿಯಾಗೇ ಇರುತ್ತದೆ. ಮಾತ್ರೆ ಕೊಟ್ಟರೆ ಜನ ಹುಷಾರಾಗಿ ಮನೆಗೆ ಹೋಗುತ್ತಾರೆ.

ಈ ಮನುಷ್ಯ ಹುಷಾರಾಗಲಿಲ್ಲ. ಮೂರು ವಾರಕ್ಕೆ ಮತ್ತೆ ಬಂದರು. ಕಾಲು ಊದಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮೂರು ದಿಂಬು ಒರಗಿಸಿಕೊಂಡು, ಕೂತೇ ರಾತ್ರಿ ಕಳೆಯುತ್ತಿದ್ದರಂತೆ. ಮತ್ತೆ ನೀರು ತೆಗೆದರು. ಮತ್ತೆ ನನ್ನ ಮೇಜಿಗೆ ಕೆಂಪು ನೀರು ಬಂತು. ಈ ಸಲ ಫಾರಂನಲ್ಲಿ ಉದ್ಯೋಗದ ಕಾಲಂ ಖಾಲಿ.

ಕಥೆ ಇಲ್ಲಿಗೆ ನಿಲ್ಲಿಸಿ ಆ ಚೀಲ ಅಂದರೆ ಏನು ಅಂತ ಹೇಳಿಬಿಡುತ್ತೇನೆ.

ನಮ್ಮ ಹೃದಯ ಎದೆಗೂಡಿನಲ್ಲಿ ಸುಮ್ನೆ ನೇತಾಡಿಕೊಂಡಿಲ್ಲ. ಅದಕ್ಕೊಂದು ಚೀಲ ಇದೆ. ಪೆರಿಕಾರ್ಡಿಯಂ ಅನ್ನುತ್ತೇವೆ. ಹೊರಗೆ ಗಟ್ಟಿ ಪದರ. ಒಳಗೆ ತೆಳ್ಳಗಿನ, ನುಣುಪಾದ ಎರಡು ಪದರ. ಒಂದು ಹೃದಯಕ್ಕೇ ಅಂಟಿಕೊಂಡಿರುತ್ತದೆ, ಇನ್ನೊಂದು ಚೀಲಕ್ಕೆ. ಎರಡರ ಮಧ್ಯೆ ಒಂಚೂರು ನೀರು. 15ರಿಂದ 50 ಮಿಲಿಲೀಟರ್ ಅಷ್ಟೆ. ದರ್ಶಿನಿಯಲ್ಲಿ ಬೈ ಟು ಕಾಫಿ ತಗೊಂಡರೆ ಒಬ್ಬರ ಪಾಲಿಗೆ ಬರುವಷ್ಟೂ ಇಲ್ಲ. ಊಟಕ್ಕೆ ಕೂತಾಗ ಒದ್ದೆ ಬಾಳೆ ಎಲೆ ಮೇಲೆ ಇನ್ನೊಂದು ಒದ್ದೆ ಎಲೆ ಇಟ್ಟು ಸರಿಸಿ ನೋಡಿ. ಒಂಚೂರೂ ಸದ್ದಿಲ್ಲದೆ ಜಾರುತ್ತದೆ ಅಲ್ವಾ? ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಅಷ್ಟು ಸಲವೂ ಅದು ಹೀಗೇ ಜಾರಬೇಕು.

ಆ ನುಣುಪು ಕೊಡುವುದು ಒಂದೇ ಒಂದು ಸಾಲು ಜೀವಕೋಶ. ಮೆಸೊಥೀಲಿಯಂ ಅಂತ ಹೆಸರು. ನೆಲಕ್ಕೆ ಟೈಲ್ಸ್ ಹಾಸಿದ ಹಾಗೆ ಒಂದರ ಪಕ್ಕ ಒಂದು ಕೂತಿರುತ್ತವೆ. ಇದೇ ಹಾಸು ಶ್ವಾಸಕೋಶದ ಹೊರಗಿದೆ, ಹೊಟ್ಟೆಯ ಒಳಗೋಡೆಗಿದೆ, ಗಂಡಸರಲ್ಲಿ ವೃಷಣದ ಸುತ್ತಲೂ ಇದೆ. ಈ ಹಾಸಿನಲ್ಲಿ ಹುಟ್ಟುವ ಕ್ಯಾನ್ಸರಿಗೇ ಮೆಸೊಥೀಲಿಯೋಮ ಅನ್ನುವುದು. ಅದು ಜಾಸ್ತಿ ಬರುವುದು ಶ್ವಾಸಕೋಶದ ಹೊದಿಕೆಗೆ. ಆಮೇಲೆ ಹೊಟ್ಟೆಗೆ. ಹೃದಯದ ಚೀಲಕ್ಕೆ ಬರುವುದು ಬಹಳ ಬಹಳ ಕಡಿಮೆ. ಮೆಸೊಥೀಲಿಯೋಮ ಬಂದ 100 ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಅಷ್ಟೆ. ಇಡೀ ಜಗತ್ತಿನ ವೈದ್ಯರು ಇಷ್ಟು ವರ್ಷಗಳಲ್ಲಿ ಬರೆದಿಟ್ಟಿರುವುದು ಕೆಲವೇ ನೂರು ಪ್ರಕರಣ. ಅದರಲ್ಲೂ ಎಷ್ಟೋ ಗೊತ್ತಾಗಿದ್ದು ಸತ್ತ ಮೇಲೆ, ಶವ ಪರೀಕ್ಷೆಯಲ್ಲಿ. ಕ್ಯಾನ್ಸರ್ ಪಟ್ಟಿಯಲ್ಲಿ ಇದಕ್ಕೊಂದು ಸಂಖ್ಯೆ ಇದೆ, ಸಿ 45.2. ಒಬ್ಬ ಪೆಥಾಲಜಿ ಡಾಕ್ಟರ್ ಇಡೀ ಸರ್ವೀಸಿನಲ್ಲಿ ಆ ಸಂಖ್ಯೆ ಒಂದು ಸಲವೂ ಬರೆಯದೆ ನಿವೃತ್ತಿ ಆಗಬಹುದು.

ಈ ಚೀಲದಲ್ಲಿ ನೀರು ತುಂಬಿದರೆ ಏನಾಗುತ್ತದೆ? ಚೀಲದ ಹೊರಪದರ ಗಟ್ಟಿ ಅಂದೆ. ಅದು ಬೇಗ ಹಿಗ್ಗುವುದಿಲ್ಲ. ನಿಧಾನವಾಗಿ, ತಿಂಗಳುಗಟ್ಟಲೆ ತುಂಬಿದರೆ ಒಂದು ಲೀಟರ್ ನೀರನ್ನೂ ತಡೆದುಕೊಳ್ಳುತ್ತದೆ. ದಿಢೀರ್ ಅಂತ ತುಂಬಿದರೆ 200 ಮಿಲಿಲೀಟರಿಗೇ ಪ್ರಾಣಕ್ಕೆ ಬರುತ್ತದೆ. ಹೃದಯಕ್ಕೆ ಹಿಂಡುವ ಶಕ್ತಿ ಇರುತ್ತದೆ, ಆದರೆ ಹಿಗ್ಗಿ ರಕ್ತ ತುಂಬಿಕೊಳ್ಳಲು ಜಾಗ ಇರುವುದಿಲ್ಲ. ಬಿ.ಪಿ. ಬೀಳುತ್ತದೆ, ಕುತ್ತಿಗೆಯ ರಕ್ತನಾಳ ಉಬ್ಬುತ್ತದೆ, ಸ್ಟೆತಸ್ಕೋಪ್ ಇಟ್ಟರೆ ಬಡಿತ ಎಲ್ಲೋ ದೂರದಿಂದ ಕೇಳಿದ ಹಾಗೆ ಕೇಳುತ್ತದೆ. ಆಗ ಸೂಜಿ ಹಾಕಿ ನೀರು ತೆಗೆಯಲೇಬೇಕು, ತಡ ಮಾಡುವ ಹಾಗಿಲ್ಲ. ತೆಗೆದ ತಕ್ಷಣ ರೋಗಿ ‘ಉಸ್ಸಪ್ಪಾ’ ಅನ್ನುತ್ತಾರೆ. ಅದನ್ನು ಕಣ್ಣಾರೆ ನೋಡಿದವರಿಗೆ ಗೊತ್ತು, ಎಂಥ ನೆಮ್ಮದಿ ಅದು ಅಂತ. ಆದರೆ ನೀರು ಯಾಕೆ ಬಂತು ಅನ್ನುವ ಪ್ರಶ್ನೆ ಹಾಗೇ ಉಳಿದಿರುತ್ತದೆ.

ನಮ್ಮ ರೋಗಿಗೆ ಮೂರನೇ ಸಲವೂ ನೀರು ತುಂಬಿತು. ಆಗ ಸರ್ಜನ್ ಒಬ್ಬರು ಇನ್ನು ಸೂಜಿ ಸಾಕು, ಚೀಲ ತೆರೆದು ನೋಡೋಣ ಅಂದರು. ಚೀಲದಲ್ಲಿ ಒಂದು ಕಿಟಕಿ ಕತ್ತರಿಸಿ, ಆ ಚೂರನ್ನು ನನಗೆ ಕಳಿಸಿದರು.

ಆ ಚೂರು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆರೋಗ್ಯವಾಗಿರುವ ಚೀಲ ಹಪ್ಪಳಕ್ಕಿಂತ ತೆಳ್ಳಗಿರುತ್ತದೆ, ಬೆಳಕಿಗೆ ಹಿಡಿದರೆ ಮಸುಕಾಗಿ ಆಚೆ ಕಡೆ ಕಾಣುತ್ತದೆ. ಇದು ಅರ್ಧ ಬೆರಳು ದಪ್ಪ ಇತ್ತು. ಬಿಳಿ, ಗಟ್ಟಿ. ಚಾಕು ಇಟ್ಟರೆ ಕರ್ ಅಂತು. ಸ್ಲೈಡ್ ಮಾಡಿ ನೋಡಿದರೆ ಜೀವಕೋಶಗಳು ಸಾಲು ತಪ್ಪಿ, ಒಂದರ ಮೇಲೊಂದು ಏರಿ, ಅಲ್ಲಲ್ಲಿ ಸಣ್ಣ ಸಣ್ಣ ಕೊಳವೆ ಕಟ್ಟಿಕೊಂಡು ಆಳಕ್ಕೆ ಇಳಿದಿದ್ದವು. ಕ್ಯಾನ್ಸರ್ ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ. ಆದರೆ ಯಾವ ಕ್ಯಾನ್ಸರ್? ಶ್ವಾಸಕೋಶದ ಕ್ಯಾನ್ಸರ್ ಹೃದಯದ ಚೀಲಕ್ಕೆ ಹರಡಿದರೂ ನೋಡಲು ಹೀಗೇ ಕಾಣುತ್ತದೆ. ಹೃದಯದ ಚೀಲದಲ್ಲಿ ಸಿಗುವ ಕ್ಯಾನ್ಸರ್ ಬಹುಪಾಲು ಬೇರೆ ಕಡೆಯಿಂದ ಬಂದದ್ದೇ. ಹಾಗಾಗಿ ವಿಶೇಷ ಬಣ್ಣ ಹಾಕಿ ನೋಡುತ್ತೇವೆ. ಕ್ಯಾಲ್ರೆಟಿನಿನ್, ಡಬ್ಲ್ಯೂಟಿ 1 ಅಂತ ಕೆಲವು ಪ್ರೋಟೀನುಗಳಿವೆ. ಮೆಸೊಥೀಲಿಯಂನಿಂದ ಹುಟ್ಟಿದ ಜೀವಕೋಶ ಆದರೆ ಇವು ಕಂದು ಬಣ್ಣಕ್ಕೆ ತಿರುಗುತ್ತವೆ. ಎರಡು ದಿನ ಕಾದೆ. ಎರಡೂ ಕಂದು ಬಂತು. ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲಿ ಗೆಡ್ಡೆ ಇರಲಿಲ್ಲ, ಬೇರೆಲ್ಲೂ ಇರಲಿಲ್ಲ. ಸಿ 45.2 ಅಂತ ಬರೆದೆ.

ಬರೆದ ಮೇಲೆ ನನ್ನ ಕೆಲಸ ಮುಗಿಯಿತು ಅಂತಲೇ ಲೆಕ್ಕ. ಆದರೆ ಮೆಸೊಥೀಲಿಯೋಮ ಅಂದ ಕೂಡಲೇ ಯಾವುದೇ ಡಾಕ್ಟರಿಗೆ ನೆನಪಾಗುವ ಹೆಸರು ಒಂದೇ. ಆಸ್‌ಬೆಸ್ಟಾಸ್, ಅಂದರೆ ಕಲ್ನಾರು. ಈ ಮನುಷ್ಯನ ಬಗ್ಗೆ ನನಗೆ ಗೊತ್ತಿದ್ದದ್ದು ‘ಕೂಲಿ’ ಅನ್ನುವ ಪದ ಮಾತ್ರ. ಯೋಚನೆ ಮಾಡಿ. ಕೂಲಿ ಅನ್ನುವುದು ಕೆಲಸದ ಹೆಸರೇ ಅಲ್ಲ. ದುಡ್ಡು ಹೇಗೆ ಕೊಡುತ್ತಾರೆ ಅನ್ನುವುದರ ಹೆಸರು. ದಿನಗೂಲಿಗೆ ಹೂವು ಕಟ್ಟಬಹುದು, ಬ್ಯಾಟರಿ ಒಡೆಯಬಹುದು, ಮೂಟೆ ಹೊರಬಹುದು. ಒಂದೊಂದರಲ್ಲೂ ಮೂಗಿಗೆ ಹೋಗುವುದು ಬೇರೆ ಬೇರೆ.

ವಾರ್ಡಿಗೆ ಹೋದೆ. ಅವರು ನಿದ್ದೆಯಲ್ಲಿದ್ದರು. ಹೆಂಡತಿ ಸ್ಟೂಲಿನ ಮೇಲೆ ಕೂತಿದ್ದರು. ಲಗ್ಗೆರೆ ಕಡೆಯವರು. ನಾನು ಪರಿಚಯ ಹೇಳಿಕೊಂಡ ತಕ್ಷಣ ಅವರು ಅಂದ ಮಾತು ಇದು: “ಮೇಡಂ, ಅವ್ರಿಗೆ ಬೀಡಿ ಇಲ್ಲ, ಕುಡಿತ ಇಲ್ಲ, ಎಲೆ ಅಡಿಕೇನೂ ಹಾಕಲ್ಲ. ಎಲ್ರೂ ಅದನ್ನೇ ಕೇಳ್ತಾರೆ.”

“ಅದಲ್ಲಮ್ಮ,” ಅಂದೆ. “ಅವ್ರು ಮೊದಲು ಏನು ಕೆಲಸ ಮಾಡ್ತಿದ್ರು?”

“ಈಗ ಸೆಕ್ಯುರಿಟಿ, ಅಪಾರ್ಟ್‌ಮೆಂಟಲ್ಲಿ.”

“ಅದಕ್ಕೂ ಮೊದಲು?”

ಅವರು ಬೆರಳು ಮಡಿಸಿ ಎಣಿಸತೊಡಗಿದರು. ಊರಿಂದ ಬಂದ ಹೊಸದರಲ್ಲಿ ಹೋಟೆಲಿನಲ್ಲಿ ಕ್ಲೀನರ್. ಆಮೇಲೆ ಲಾರಿ ಗ್ಯಾರೇಜಿನಲ್ಲಿ ನಾಲ್ಕು ವರ್ಷ. ಬ್ರೇಕ್ ಡ್ರಮ್ಮು ಬಿಚ್ಚಿ ಏರ್ ಹೊಡೆಯುವುದು ಹುಡುಗರ ಕೆಲಸ ಅಂತೆ. ಆಮೇಲೆ ಮೇಸ್ತ್ರಿ ಒಬ್ಬರ ಕೈಕೆಳಗೆ ಛಾವಣಿಗೆ ಆಸ್‌ಬೆಸ್ಟಾಸ್ ಶೀಟು ಹಾಕುವ ಕೆಲಸ. ಪೀಣ್ಯದಲ್ಲಿ ಶೆಡ್ಡು, ಸುತ್ತಮುತ್ತ ಬಾಡಿಗೆ ಮನೆಗಳು. ಅಳತೆಗೆ ಶೀಟು ಕತ್ತರಿಸುವುದು, ತೂತು ಹಾಕುವುದು, ಬೋಲ್ಟು ಬಿಗಿಯುವುದು. ಅದು 11 ವರ್ಷ. ಸೊಂಟ ಹಿಡಿದ ಮೇಲೆ ಬಿಟ್ಟು ಸೆಕ್ಯುರಿಟಿಗೆ ಸೇರಿದ್ದು.

“ಮಿಷಿನ್ನಲ್ಲಿ ಕತ್ತರಿಸ್ತಿದ್ರಾ?”

“ಹೂಂ ಮೇಡಂ. ಸಂಜೆ ಬಂದ್ರೆ ತಲೆಯೆಲ್ಲ ಬೆಳ್ಳಗೆ, ಹಿಟ್ಟಿನ ಗಿರಣಿಯವ್ರ ಥರ. ಹುಬ್ಬೂ ಬೆಳ್ಳಗೆ. ಅಂಗೀನ ನಾನು ಬಾಗಿಲಲ್ಲೇ ಒದರಿ ನೆನೆ ಹಾಕ್ತಿದ್ದೆ.”

ಅವರಿಗೆ ಗೊತ್ತಿಲ್ಲದೆ ಅವರು ನನಗೆ ಎರಡು ಜನರ ಚರಿತ್ರೆ ಕೊಟ್ಟಿದ್ದರು. ಗಂಡನದ್ದು, ಜೊತೆಗೆ ಅವರದ್ದೂ. ಕಲ್ನಾರಿನ ಕೆಲಸದವರ ಬಟ್ಟೆ ಒಗೆದ ಹೆಂಡತಿ, ತಾಯಂದಿರಿಗೆ ಮೆಸೊಥೀಲಿಯೋಮ ಬಂದದ್ದು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿದೆ. ಕಾರ್ಖಾನೆ ಬಾಗಿಲು ದಾಟದವರು ಅವರು.

ಕಲ್ನಾರು. ಎಷ್ಟು ಚೆನ್ನಾದ ಪದ ನೋಡಿ. ಕಲ್ಲಿನ ನಾರು. ಗ್ರೀಕರು ಆರದಿರುವುದು ಅನ್ನುವ ಅರ್ಥದ ಹೆಸರಿಟ್ಟರು. ನಮ್ಮವರು ಅದು ಏನೋ ಅದನ್ನೇ ಹೆಸರು ಮಾಡಿದರು. ಅದು ನಿಜವಾಗಲೂ ಕಲ್ಲು, ನಿಜವಾಗಲೂ ನಾರು. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಕಡೆ ನೆಲದಲ್ಲೇ ಇದೆ. ಕೈಯಲ್ಲಿ ಹಿಡಿದು ಎಳೆದರೆ ತೆಂಗಿನ ನಾರಿನ ಹಾಗೆ ಎಳೆ ಎಳೆ ಬಿಡುತ್ತದೆ. ಸುಡುವುದಿಲ್ಲ, ಕೊಳೆಯುವುದಿಲ್ಲ, ಆಸಿಡ್ಡಿಗೂ ಸುಲಭಕ್ಕೆ ಜಗ್ಗುವುದಿಲ್ಲ, ಅಗ್ಗ. ಹಾಗಾಗಿ ಬಾಯ್ಲರ್ ಸುತ್ತ, ಹಡಗಿನೊಳಗೆ, ಬ್ರೇಕಿನಲ್ಲಿ, ಛಾವಣಿಯಲ್ಲಿ, ಎಲ್ಲ ಕಡೆ ಬಳಸಿದರು. ಇಲ್ಲಿ ಕೂತಿರುವವರಲ್ಲಿ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಲ್ಯಾಬ್ ನೋಡಿದವರು ನೆನಪು ಮಾಡಿಕೊಳ್ಳಿ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಒಂದು ತಂತಿ ಜಾಲರಿ ಇಡುತ್ತಿದ್ದರು. ಅದರ ನಡುವೆ ಬಿಳಿ ವೃತ್ತ. ಹಳೆಯ ಜಾಲರಿಗಳಲ್ಲಿ ಆ ಬಿಳಿ ವೃತ್ತ ಕಲ್ನಾರು. ಅದು ಪುಡಿಪುಡಿಯಾಗಿ ಉದುರುವವರೆಗೂ ನಾವು ಬಳಸುತ್ತಿದ್ದೆವು.

ಸುಡದೇ ಇರುವುದು, ಕೊಳೆಯದೇ ಇರುವುದು ಅದರ ದೊಡ್ಡ ಗುಣ ಅಂತ ಹೇಳಿ ಮಾರಿದರು. ಮೈಯೊಳಗೆ ಹೋದ ಮೇಲೆ ಕಷ್ಟ ಕೊಡುವುದೂ ಆ ಗುಣವೇ. ಉಸಿರಿನ ಜೊತೆ ಒಳಗೆ ಹೋದ ಎಳೆ ಶ್ವಾಸಕೋಶದ ಕೊನೆಯ ಗಾಳಿ ಚೀಲದ ತನಕ ಹೋಗುತ್ತದೆ. ಕಸ ನುಂಗಿ ಸ್ವಚ್ಛ ಮಾಡುವ ಜೀವಕೋಶಗಳು ಅಲ್ಲಿ ಕಾವಲಿರುತ್ತವೆ. ಅವು ಎಳೆಯನ್ನು ನುಂಗಲು ಹೋಗುತ್ತವೆ. ಎಳೆ ಅವಕ್ಕಿಂತ ಉದ್ದ. ನುಂಗಲೂ ಆಗದೆ ಉಗುಳಲೂ ಆಗದೆ, ತಮ್ಮ ಒಳಗಿನ ಖಾರದ ರಾಸಾಯನಿಕಗಳನ್ನೆಲ್ಲ ಹೊರಗೆ ಚೆಲ್ಲುತ್ತವೆ. ಎಳೆಗೆ ಏನೂ ಆಗುವುದಿಲ್ಲ. ಸುತ್ತಲಿನ ಜೀವಕೋಶಗಳಿಗೆ ಗಾಯ ಆಗುತ್ತದೆ. ಗಾಯ ಮಾಯುತ್ತದೆ, ಮತ್ತೆ ಆಗುತ್ತದೆ. ಹತ್ತು ವರ್ಷ, ಇಪ್ಪತ್ತು ವರ್ಷ, ಮೂವತ್ತು ವರ್ಷ. ಕೆಲವು ಎಳೆ ನಿಧಾನಕ್ಕೆ ಸರಿದು ಶ್ವಾಸಕೋಶದ ಹೊದಿಕೆಗೆ ತಲುಪುತ್ತವೆ. ಆ ಹೊದಿಕೆಯ ಮಗ್ಗುಲಲ್ಲೇ ಹೃದಯದ ಚೀಲ. ಇಷ್ಟು ವರ್ಷದ ರಿಪೇರಿಯಲ್ಲಿ ಎಲ್ಲೋ ಒಂದು ಕಡೆ ಡಿಎನ್ಎ ತಪ್ಪುತ್ತದೆ. ಧೂಳು ಕುಡಿದ ಮೇಲೆ ಮೆಸೊಥೀಲಿಯೋಮ ಕಾಣಿಸಿಕೊಳ್ಳಲು 20ರಿಂದ 50 ವರ್ಷ ಬೇಕು. ಅಷ್ಟು ಹೊತ್ತಿಗೆ ಮನುಷ್ಯ ಕೆಲಸ ಬದಲಾಯಿಸಿರುತ್ತಾನೆ, ಮೇಸ್ತ್ರಿ ತೀರಿಕೊಂಡಿರುತ್ತಾನೆ, ಆ ಶೆಡ್ಡಿನ ಜಾಗದಲ್ಲಿ ಕಲ್ಯಾಣ ಮಂಟಪ ಬಂದಿರುತ್ತದೆ.

ಕೆಲವು ಸಲ ಇಂಥವರ ಶ್ವಾಸಕೋಶದಲ್ಲಿ ಆ ಎಳೆ ನಮ್ಮ ಸ್ಲೈಡಿನಲ್ಲೇ ಕಾಣುತ್ತದೆ. ಮೈ ಅದನ್ನು ಹೊರಗೆ ಹಾಕಲಾಗದೆ ಕಬ್ಬಿಣದ ಲೇಪ ಕೊಟ್ಟಿರುತ್ತದೆ. ಮೈಕ್ರೋಸ್ಕೋಪಿನಲ್ಲಿ ಬಂಗಾರದ ಕಂದು ಬಣ್ಣ. ನಡುವೆ ಸೂಜಿಯಂಥ ಕಡ್ಡಿ, ಅದರುದ್ದಕ್ಕೂ ಗುಂಡು ಪೋಣಿಸಿದ ಹಾಗೆ, ಎರಡು ತುದಿಯಲ್ಲಿ ದಪ್ಪ ಗುಬಟು. ನೋಡಲು ಚೆನ್ನಾಗಿರುತ್ತದೆ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಶ್ವಾಸಕೋಶದ ಹೊದಿಕೆಯ ಮೆಸೊಥೀಲಿಯೋಮಕ್ಕೂ ಕಲ್ನಾರಿಗೂ ಇರುವ ನಂಟು ಗಟ್ಟಿ. ಹೃದಯದ ಚೀಲದ ವಿಷಯದಲ್ಲಿ ಅಷ್ಟು ಗಟ್ಟಿ ಇಲ್ಲ. ಈ ಕಾಯಿಲೆ ಬಂದವರಲ್ಲಿ ಕಲ್ನಾರಿನ ಗಾಳಿಯೇ ಸೋಕದವರು ಬೇಕಾದಷ್ಟು ಜನ ಇದ್ದಾರೆ. ಎದೆಗೆ ಹಿಂದೆ ಯಾವಾಗಲೋ ರೇಡಿಯೇಷನ್ ಕೊಟ್ಟಿದ್ದವರಿಗೆ ಬಂದದ್ದಿದೆ. ಕೆಲವರಿಗೆ ಹುಟ್ಟಿನಿಂದಲೇ ಜೀನಿನಲ್ಲಿ ದೋಷ ಇರುತ್ತದೆ. ಹಾಗಾಗಿ ಈ ಮನುಷ್ಯನಿಗೆ ಶೀಟಿನ ಧೂಳಿನಿಂದಲೇ ಬಂತು ಅಂತ ನಾನು ಪ್ರಮಾಣ ಮಾಡಲಾರೆ. ಆದರೆ 15 ವರ್ಷ ಈ ಧೂಳು ಕುಡಿದ ಮನುಷ್ಯನ ಫೈಲಿನಲ್ಲಿ ಧೂಳು ಅನ್ನುವ ಪದವೇ ಇಲ್ಲದಿದ್ದರೆ, ನಂಟು ಇದೆಯೋ ಇಲ್ಲವೋ ಅಂತ ಹೇಳುವವರಾದರೂ ಯಾರು? ಕೇಳದೇ ಇದ್ದರೆ ಲೆಕ್ಕಕ್ಕೇ ಬರುವುದಿಲ್ಲ. ಲೆಕ್ಕಕ್ಕೆ ಬರದಿದ್ದರೆ ನಮ್ಮಲ್ಲಿ ಇಲ್ಲ ಅಂತ ಆಗಿಬಿಡುತ್ತದೆ.

ಕೇಳಿದ್ದರಿಂದಲೇ ಜಗತ್ತಿಗೆ ಈ ವಿಷಯ ಗೊತ್ತಾದದ್ದು. ಇಟಲಿಯ ಬರ್ನಾರ್ಡಿನೊ ರಾಮಾಜ್ಜಿನಿ ಅನ್ನುವ ವೈದ್ಯ ಸುಮಾರು 300 ವರ್ಷದ ಹಿಂದೆಯೇ ಹೇಳಿದ್ದ, ರೋಗಿಗೆ ಕೇಳುವ ಪ್ರಶ್ನೆಗಳ ಜೊತೆ ಏನು ಕೆಲಸ ಮಾಡುತ್ತೀಯ ಅಂತಲೂ ಕೇಳಿ ಅಂತ. 1924ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೆಲ್ಲಿ ಕರ್ಶಾ ಅನ್ನುವ ಹೆಂಗಸು ತೀರಿಕೊಂಡಳು. ಕಲ್ನಾರನ್ನು ನೂಲುವ ಕೆಲಸ ಮಾಡುತ್ತಿದ್ದವಳು, ಇನ್ನೂ 33 ವರ್ಷ. ಅವಳ ಶ್ವಾಸಕೋಶ ನೋಡಿದ ಡಾಕ್ಟರ್ ಕುಕ್ ಅದರಲ್ಲಿ ಕಲ್ನಾರಿನ ಚೂರು ಕಂಡು ಬರೆದರು. 1960ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವ್ಯಾಗ್ನರ್ ಮತ್ತು ಜೊತೆಗಾರರು ಮೆಸೊಥೀಲಿಯೋಮ ಬಂದ 33 ಜನರ ವಿವರ ಪ್ರಕಟಿಸಿದರು. ಎಲ್ಲಿ ಹುಟ್ಟಿದಿರಿ, ಎಲ್ಲಿ ಬೆಳೆದಿರಿ, ಎಲ್ಲಿ ದುಡಿದಿರಿ ಅಂತ ಒಬ್ಬೊಬ್ಬರದ್ದೂ ಕೆದಕಿ ಕೇಳಿದಾಗ, ಒಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ನೀಲಿ ಕಲ್ನಾರಿನ (ಕಲ್ನಾರಿನಲ್ಲೇ ಬಿಳಿ, ನೀಲಿ, ಕಂದು ಅಂತ ಬಗೆಗಳಿವೆ) ನಂಟು ಇರಬಹುದು ಅನ್ನುವುದು ಕಂಡಿತು. ಅವರಲ್ಲಿ ಗಣಿಗೆ ಇಳಿಯದವರೂ ಇದ್ದರು. ಚಿಕ್ಕಂದಿನಲ್ಲಿ ಗಣಿ ಊರಿನಲ್ಲಿ ಆಡಿ ಬೆಳೆದವರು.

ಆಮೇಲೆ ಒಂದೊಂದೇ ದೇಶ ನಿಲ್ಲಿಸಿತು. ಐಸ್‌ಲ್ಯಾಂಡ್ 1983ರಲ್ಲೇ ಕಲ್ನಾರಿಗೆ ನಿಷೇಧ ಹಾಕಲು ಶುರು ಮಾಡಿತು. ಇಂಗ್ಲೆಂಡ್ 1999, ಯುರೋಪ್ ಒಕ್ಕೂಟ 2005, ಕೆನಡಾ 2018. ಅಮೆರಿಕ ಬಿಳಿ ಕಲ್ನಾರಿಗೆ ನಿಷೇಧ ಹೇಳಿದ್ದು 2024ರಲ್ಲಿ. ಕೆಲಸದ ಜಾಗದ ಕಲ್ನಾರಿನಿಂದ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ನಮ್ಮಲ್ಲಿ ಕಲ್ನಾರಿನ ಗಣಿಗೆ ಹೊಸ ಗುತ್ತಿಗೆ ಕೊಡುವುದನ್ನು ಎಂಬತ್ತರ ದಶಕದಲ್ಲಿ ನಿಲ್ಲಿಸಿದರು, ಹಳೆಯದನ್ನು ನವೀಕರಿಸುವುದನ್ನು ತೊಂಬತ್ತರ ದಶಕದಲ್ಲಿ. ನೆಲದಿಂದ ತೆಗೆಯುವುದು ಅಪಾಯ ಅಂತ ಒಪ್ಪಿಕೊಂಡೆವು. ಆದರೆ ರಷ್ಯಾ, ಕಜಕಿಸ್ತಾನದ ಕಡೆಯಿಂದ ಬಿಳಿ ಕಲ್ನಾರು ತರಿಸಿ ಶೀಟು ಮಾಡುವುದು ನಿಲ್ಲಲಿಲ್ಲ. ಇದು ನನಗೆ ಅರ್ಥವೇ ಆಗದ ವಿಷಯ. ಅಗೆಯುವವನ ಎದೆ ಬೇರೆ, ಕತ್ತರಿಸುವವನ ಎದೆ ಬೇರೆ ಅಲ್ವಲ್ಲ. ಬಿಳಿಯದು ಅಷ್ಟು ಅಪಾಯ ಇಲ್ಲ ಅನ್ನುವ ವಾದ ಕೇಳಿರುತ್ತೀರಿ. ನೀಲಿ, ಕಂದು ಬಣ್ಣದವು ಇನ್ನೂ ಕೆಟ್ಟವು ಅನ್ನುವುದು ನಿಜ. ಆದರೆ ಎಲ್ಲ ಬಗೆಯ ಕಲ್ನಾರೂ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲನೇ ಪಟ್ಟಿಯಲ್ಲಿ ಇಟ್ಟಿದೆ.

1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಒಳ್ಳೆಯ ತೀರ್ಪು ಕೊಟ್ಟಿತು. ಕೆಲಸಗಾರರ ಆರೋಗ್ಯ ಅವರ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಕಲ್ನಾರಿನ ಕಾರ್ಖಾನೆ, ಗಣಿಗಳು ಪ್ರತಿ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ ಕನಿಷ್ಠ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ ಇಟ್ಟುಕೊಳ್ಳಬೇಕು ಅಂದಿತು. ಈ ಕಾಯಿಲೆ ಎಷ್ಟು ತಡವಾಗಿ ಬರುತ್ತದೆ ಅನ್ನುವುದನ್ನು ಆ ನ್ಯಾಯಾಧೀಶರು ಅರ್ಥ ಮಾಡಿಕೊಂಡಿದ್ದರು. ಆದರೆ ಮೇಸ್ತ್ರಿ ಕೈಕೆಳಗೆ ಶೀಟು ಕತ್ತರಿಸಿದವರ ದಾಖಲೆ ಯಾರು ಇಡುತ್ತಾರೆ? ಹಾಜರಿ ಪುಸ್ತಕ ಇಲ್ಲ, ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ. ಅವರ 11 ವರ್ಷಕ್ಕೆ ಇರುವ ಒಂದೇ ಸಾಕ್ಷಿ ಹೆಂಡತಿಯ ನೆನಪು. ಕಾಯಿಲೆಗೆ ಪರಿಹಾರ ಕೊಡುವ ಕಾನೂನಿನ ಪಟ್ಟಿಯಲ್ಲಿ ಕಲ್ನಾರಿನಿಂದ ಬರುವ ಮೆಸೊಥೀಲಿಯೋಮದ ಹೆಸರಿದೆ. ಆದರೆ ಕೇಳಲು ಹೋದರೆ ಮಾಲೀಕ ಯಾರು ಅನ್ನುತ್ತಾರೆ. ಕೂಲಿ ಅಂತ ಬರೆದ ಫಾರಂನಲ್ಲಿ ಮಾಲೀಕನ ಹೆಸರು ಎಲ್ಲಿಂದ ಬರಬೇಕು?

ಚಿಕಿತ್ಸೆ ಬಗ್ಗೆ ಹೇಳುತ್ತೇನೆ. ಜಾಸ್ತಿ ಹೇಳುವಷ್ಟು ಇಲ್ಲ, ಅದೇ ಬೇಜಾರು. ಕಾಯಿಲೆ ಒಂದೇ ಕಡೆ ಇದ್ದು, ಬೇಗ ಸಿಕ್ಕಿದರೆ ಚೀಲವನ್ನೇ ತೆಗೆದುಹಾಕಲು ನೋಡುತ್ತಾರೆ. ಹೃದಯದ ಗೋಡೆಗೇ ಇಳಿದಿದ್ದರೆ ಅದು ಆಗದ ಮಾತು. ಪೆಮೆಟ್ರೆಕ್ಸೆಡ್ ಜೊತೆ ಸಿಸ್‌ಪ್ಲಾಟಿನ್ ಅನ್ನುವ ಕಿಮೊಥೆರಪಿ ಔಷಧಿ ಕೊಡುತ್ತಾರೆ. ಶ್ವಾಸಕೋಶದ ಹೊದಿಕೆಯ ಮೆಸೊಥೀಲಿಯೋಮಕ್ಕೆ ಈಗ ಇಮ್ಯುನೊಥೆರಪಿಯೂ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆಯೂ ಬಂದಿದೆ. ಅಲ್ಲಿ ಕಲಿತದ್ದನ್ನೇ ಇಲ್ಲಿಗೂ ತರುತ್ತಾರೆ, ಯಾಕೆಂದರೆ ಇಷ್ಟು ಅಪರೂಪದ ಕಾಯಿಲೆಗೆ ಬೇರೆಯೇ ದೊಡ್ಡ ಪ್ರಯೋಗ ಮಾಡಲು ರೋಗಿಗಳೇ ಸಿಗುವುದಿಲ್ಲ. ಗೊತ್ತಾದ ಮೇಲೆ ಹೆಚ್ಚಿನವರು ಬದುಕುವುದು ಕೆಲವು ತಿಂಗಳು. ನಮ್ಮ ರೋಗಿ ಐದು ತಿಂಗಳು ಇದ್ದರು. ಚೀಲದಲ್ಲಿ ಮಾಡಿದ ಕಿಟಕಿಯಿಂದ ನೀರು ಹರಿದು ಹೋಗುತ್ತಿದ್ದದ್ದರಿಂದ, ಆ ಐದು ತಿಂಗಳಲ್ಲಿ ಮೊದಲ ಮೂರು ತಿಂಗಳು ಮಲಗಿ ನಿದ್ದೆ ಮಾಡಿದರು. ಒಂದೇ ದಿಂಬಿನ ಮೇಲೆ. ಹೆಂಡತಿ ಅದನ್ನು ನನಗೆ ಎರಡು ಸಲ ಹೇಳಿದರು.

ಇನ್ನು ಪ್ರಶ್ನೆಗಳು.

ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಕೇಳಿದಳು: “ನಾವು ಶೀಟ್ ಮನೇಲೇ ಇರೋದು ಮೇಡಂ. ಮಲಗಿದ್ರೆ ಮೇಲೆ ಅದೇ ಕಾಣುತ್ತೆ. ಏನು ಮಾಡೋಣ?”

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಬೆಂಗಳೂರಿನಲ್ಲಿ ಎಷ್ಟು ಸಾವಿರ ಜನ ಶೀಟಿನ ಕೆಳಗೆ ಮಲಗುತ್ತಾರೆ ಅನ್ನುವುದು ನನಗೂ ಗೊತ್ತು. ಹೆದರಬೇಡಮ್ಮ ಅಂದೆ. ಶೀಟಿನಲ್ಲಿ ಸುಮಾರು ಹತ್ತನೇ ಒಂದು ಭಾಗ ಕಲ್ನಾರು, ಉಳಿದದ್ದು ಸಿಮೆಂಟು. ಶೀಟು ಒಡೆಯದೆ, ಬಿರುಕು ಬಿಡದೆ ಗಟ್ಟಿಯಾಗಿದ್ದರೆ ಎಳೆ ಸಿಮೆಂಟಿನಲ್ಲಿ ಕಚ್ಚಿಕೊಂಡಿರುತ್ತದೆ. ತೊಂದರೆ ಬರುವುದು ಕತ್ತರಿಸಿದಾಗ, ತೂತು ಹೊಡೆದಾಗ, ಉಜ್ಜಿದಾಗ, ಒಡೆದು ಹಾಕಿದಾಗ. ಫ್ಯಾನ್ ಹಾಕಲು ನೀವೇ ಡ್ರಿಲ್ ಹಿಡಿಯಬೇಡಿ. ಮಳೆಗಾಲಕ್ಕೆ ಮುಂಚೆ ಪಾಚಿ ಅಂತ ತಂತಿ ಬ್ರಷ್ಷಿನಲ್ಲಿ ಉಜ್ಜಬೇಡಿ. ಹಳೆಯದಾಗಿ ಪುಡಿ ಉದುರುತ್ತಿದ್ದರೆ ಬದಲಾಯಿಸಲೇಬೇಕು. ತೆಗೆಯುವಾಗ ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಶೀಟನ್ನು ಇಡಿಯಾಗಿ ಇಳಿಸಬೇಕು. ಮೇಲಿಂದ ಎಸೆದು ಒಡೆಯುವುದಲ್ಲ. ಬಿದ್ದ ಪುಡಿಯನ್ನು ಪೊರಕೆಯಲ್ಲಿ ಗುಡಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಕವರಿನಲ್ಲಿ ಕಟ್ಟಬೇಕು. ಮುಖಕ್ಕೆ ಕರ್ಚೀಫ್ ಕಟ್ಟಿದರೆ ಏನೂ ಉಪಯೋಗವಿಲ್ಲ. ಎಳೆ ಅಷ್ಟು ಸಣ್ಣದು. ಹೊಸದು ಹಾಕುವಾಗ ಕಲ್ನಾರು ಇಲ್ಲದ ಶೀಟು ಬೇಕು ಅಂತ ಅಂಗಡಿಯಲ್ಲಿ ಬಾಯಿ ಬಿಟ್ಟು ಕೇಳಿ. ಸಿಗುತ್ತದೆ. ಖಾಲಿ ಸೈಟಿನಲ್ಲಿ ಒಡೆದ ಶೀಟಿನ ರಾಶಿ ನೋಡಿರುತ್ತೀರಲ್ಲ, ಮಕ್ಕಳು ಅದನ್ನೇ ವಿಕೆಟ್ ಮಾಡಿಕೊಂಡು ಕ್ರಿಕೆಟ್ ಆಡುತ್ತಿರುತ್ತಾರೆ. ಅವರನ್ನು ದಯವಿಟ್ಟು ಅಲ್ಲಿಂದ ಕರೆಯಿರಿ.

ನಿಜವಾದ ಅಪಾಯ ಮನೆಯಲ್ಲಿ ಮಲಗಿದವರಿಗಿಂತ, ಆ ಮನೆ ಮೇಲೆ ಹತ್ತಿ ಕೆಲಸ ಮಾಡಿದವರಿಗೆ. ಮಿಷಿನ್ನಿನಲ್ಲಿ ಕತ್ತರಿಸುವ ಬದಲು ನೀರು ಹಾಕುತ್ತ ಕೈ ಗರಗಸದಲ್ಲಿ ಕತ್ತರಿಸಿದರೆ ಧೂಳು ಎಷ್ಟೋ ಕಡಿಮೆ. ಕೆಲಸದ ಬಟ್ಟೆ ಅಲ್ಲೇ ಬದಲಾಯಿಸಿ ಮನೆಗೆ ಬಂದರೆ ಹೆಂಡತಿ ಮಕ್ಕಳಿಗೆ ಅಷ್ಟು ಒಳ್ಳೆಯದು. ನಿಮ್ಮ ಮನೆಗೆ ಶೀಟು ಹಾಕಲು ಬಂದ ಹುಡುಗರಿಗೆ ಒಂದು ಬಕೆಟ್ ನೀರು, ಒಂದು ಒಳ್ಳೆಯ ಮಾಸ್ಕ್ ಕೊಡುವುದು ಮನೆಯವರ ಕೈಯಲ್ಲೇ ಇದೆ ಅಲ್ವಾ?

ಇನ್ನೊಬ್ಬರು, ಯುವ ಡಾಕ್ಟರ್, ಒಪಿಡಿಯಲ್ಲಿ ಒಬ್ಬ ರೋಗಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು, ಕೆಲಸದ ಚರಿತ್ರೆ ಎಲ್ಲಿ ಕೇಳುವುದು ಅಂದರು. ಅವರ ಕಷ್ಟ ನಿಜ. ಎಲ್ಲರನ್ನೂ ಕೇಳಲು ಆಗದಿದ್ದರೆ ಬೇಡ ಅಂದೆ. ಚೀಲದಲ್ಲಿ ನೀರು ಎರಡನೇ ಸಲ ತುಂಬಿದವರನ್ನು ಕೇಳಿ. ಟಿ.ಬಿ. ಮಾತ್ರೆಗೆ ಬಗ್ಗದವರನ್ನು ಕೇಳಿ. ನೀರಿನಲ್ಲಿ ಕ್ಯಾನ್ಸರ್ ಕಾಣಲಿಲ್ಲ ಅಂತ ನನ್ನಂಥವರು ಬರೆದ ರಿಪೋರ್ಟನ್ನು ಕ್ಯಾನ್ಸರ್ ಇಲ್ಲ ಅಂತ ಓದಬೇಡಿ. ಈ ಕಾಯಿಲೆಯಲ್ಲಿ ನೀರು ಎಷ್ಟೋ ಸಲ ಏನೂ ಹೇಳುವುದಿಲ್ಲ. ಚೂರು ತೆಗೆದು ನೋಡಲೇಬೇಕು. ಮೊದಲ ಡಬ್ಬಿ ಬಂದ ದಿನ ನಾನು ಫೋನ್ ಮಾಡಿ ಕೂಲಿ ಅಂದರೆ ಏನು ಕೂಲಿ ಅಂತ ಕೇಳಿದ್ದರೆ, ಆ ಚೂರು ಎರಡು ತಿಂಗಳು ಮೊದಲೇ ನನ್ನ ಮೇಜಿಗೆ ಬರುತ್ತಿತ್ತೇನೋ. ಅವರ ಆಯಸ್ಸು ಎಷ್ಟು ಬೆಳೆಯುತ್ತಿತ್ತೋ ಹೇಳಲಾರೆ. ಒಂದು ದಿಂಬಿನ ರಾತ್ರಿಗಳು ಇನ್ನಷ್ಟು ಸಿಗುತ್ತಿದ್ದವು ಅಂತ ಮಾತ್ರ ಅನ್ನಿಸುತ್ತದೆ. ಈಗ ಫಾರಂನಲ್ಲಿ ಕೂಲಿ ಅಂತ ಬಂದರೆ, ಕಾಲಂ ಖಾಲಿ ಬಂದರೆ, ವಾರ್ಡಿಗೆ ಫೋನ್ ಮಾಡುತ್ತೇನೆ. ಸಿಸ್ಟರ್‌ಗಳಿಗೆ ಅಭ್ಯಾಸ ಆಗಿದೆ. ಕೆಲವರು ಮೊದಲೇ ಕೇಳಿ ಬರೆದು ಕಳಿಸುತ್ತಾರೆ. “ಪೇಂಟಿಂಗ್ 9 ವರ್ಷ, ಆಮೇಲೆ ಕಲ್ಲು ಕ್ವಾರಿ” ಅಂತ.

ಆ ಹೆಂಡತಿ ವರ್ಷಕ್ಕೊಂದು ಸಲ ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬರುತ್ತಾರೆ. ಇದುವರೆಗೆ ಏನೂ ಇಲ್ಲ. ಅವರ ಫೈಲಿನ ಮೊದಲ ಪುಟದಲ್ಲಿ ‘ಮನೆಕೆಲಸ’ ಅಂತ ಬರೆದಿದ್ದರು. ಅದರ ಕೆಳಗೆ ನಾನೇ ಪೆನ್ನಿನಲ್ಲಿ ಬರೆದೆ: ಶೀಟು ಕೆಲಸದ ಬಟ್ಟೆ ಒಗೆದದ್ದು, 11 ವರ್ಷ.

ಕಾರ್ಯಕ್ರಮ ಮುಗಿದು ಎಲ್ಲರೂ ಕಾಫಿಗೆ ಹೊರಟ ಮೇಲೆ ಒಬ್ಬ ಹಿರಿಯರು ನನ್ನ ಹತ್ತಿರ ಬಂದರು. ಎಪ್ಪತ್ತರ ಮೇಲಿರಬಹುದು. ಇನ್‌ಹೇಲರ್ ಜೇಬಿನಲ್ಲಿತ್ತು. ನನ್ನದೂ ಸ್ವಲ್ಪ ಬರ್ಕೊಳ್ತೀರಾ ಅಂದರು. ಕೈಗೆ ಸಿಕ್ಕಿದ ಆಮಂತ್ರಣ ಪತ್ರಿಕೆಯ ಹಿಂಬದಿ ತಿರುಗಿಸಿಕೊಂಡೆ.

“ಊರು ಬಿಟ್ಟು ಬಂದಿದ್ದು 1974ರಲ್ಲಿ,” ಅಂತ ಶುರು ಮಾಡಿದರು. “ಮೊದಲು ಕಲಾಸಿಪಾಳ್ಯದಲ್ಲಿ, ಒಂದು ಬಾಯ್ಲರ್ ರಿಪೇರಿ ಅಂಗಡೀಲಿ...”